ಕಾಲಿನ ಜೋಮಿಗೆ ಎಷ್ಟು ಅಂಕ?

ಮಾಮೂಲ್‌ಪೇಟೆ, ಚಿಕ್ಕಪೇಟೆ, ಬಳೇಪೇಟೆಗಳ ಸಗಟು ಅಂಗಡಿಗಳಲ್ಲಿ ದಿನವಿಡೀ ಕಾಲು ಮಡಿಸಿ ಕೂರುವವರಿಗೆ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ನಿಂತೇ ಇರುವವರಿಗೆ, ತಲೆಯ ಮೇಲೆ ಮೂಟೆ ಹೊತ್ತು ಗಲ್ಲಿ ಗಲ್ಲಿ ತಿರುಗುವವರಿಗೆ ‘ಕಾಲು ಜೋಮು ಹಿಡಿಯಿತು’ ಎಂಬುದು ದಿನನಿತ್ಯದ ಮಾತು. ಎದ್ದು ಕಾಲು ಒದರಿ ನಾಲ್ಕು ಹೆಜ್ಜೆ ಹಾಕಿದರೆ ಜೋಮು ಬಿಡುತ್ತದೆ. ಒತ್ತಡಕ್ಕೆ ಸಿಕ್ಕ ನರ ಸ್ವಲ್ಪ ಹೊತ್ತು ಸುದ್ದಿ ಸಾಗಿಸುವುದನ್ನು ನಿಲ್ಲಿಸಿ, ಒತ್ತಡ ತಪ್ಪಿದೊಡನೆ ಮತ್ತೆ ಕೆಲಸಕ್ಕೆ ತೊಡಗುವುದರಿಂದ ಹೀಗಾಗುತ್ತದೆ. ಇದಕ್ಕಾಗಿ ಯಾರೂ ವೈದ್ಯರ ಬಳಿ ಹೋಗುವುದಿಲ್ಲ.

ಆದರೆ ಒದರಿದರೂ ಬಿಡದ ಜೋಮು ಒಂದಿದೆ. ಅದು ಮೊದಲು ಕಾಲ್ಬೆರಳುಗಳಲ್ಲಿ ತೋರಿ, ತಿಂಗಳುಗಳು ಕಳೆದಂತೆ ಅಂಗಾಲಿಗೆ, ಹರಡಿಗೆ, ಮೀನಖಂಡಕ್ಕೆ ಏರುತ್ತದೆ. ಕಾಲುಚೀಲ ಹಾಕಿದಷ್ಟು ಭಾಗವೆಲ್ಲ ತನ್ನದಲ್ಲವೆಂಬಂತೆ ಆಗುತ್ತದೆ. ಕೆಲವರಿಗೆ ರಾತ್ರಿ ಹೊತ್ತು ಉರಿ, ಕೆಲವರಿಗೆ ಚುಚ್ಚು, ಇನ್ನು ಕೆಲವರಿಗೆ ಏನೂ ಇಲ್ಲದ ಮರಗಟ್ಟುವಿಕೆ. ಸಕ್ಕರೆ ಕಾಯಿಲೆ, ಕುಷ್ಠ, ಮದ್ಯಪಾನ, ಬಿ-12 ಜೀವಸತ್ವದ ಕೊರತೆ, ಮೂತ್ರಪಿಂಡದ ವೈಫಲ್ಯ, ಕ್ಷಯಕ್ಕೂ ಕ್ಯಾನ್ಸರಿಗೂ ಕೊಡುವ ಕೆಲವು ಔಷಧಗಳು, ಇವೆಲ್ಲ ಕೈಕಾಲುಗಳ ನರಗಳನ್ನು ನಿಧಾನವಾಗಿ ಕೆಡಿಸಬಲ್ಲವು. ವೈದ್ಯರು ಇದನ್ನು ನ್ಯೂರೋಪತಿ ಎನ್ನುತ್ತಾರೆ. ನಾವು ನರಹಾನಿ ಎನ್ನಬಹುದು. ಬೆನ್ನುಹುರಿಯ ಬಳಿಯಿಂದ ಕಾಲ್ಬೆರಳಿನ ತುದಿಯವರೆಗೆ ಹೋಗುವ ನರತಂತು ಸುಮಾರು ಒಂದು ಮೀಟರ್ ಉದ್ದವಿರುತ್ತದೆ. ಅಷ್ಟು ಉದ್ದದ ತಂತುವಿನ ಕೊನೆ ಮೊದಲು ಸೊರಗುವುದರಿಂದಲೇ ಈ ಕಾಯಿಲೆ ಪಾದದಿಂದ ಶುರುವಾಗುತ್ತದೆ.

ಮಾಮೂಲು ಜೋಮಿನಿಂದ ಈ ಜೋಮನ್ನು ಬೇರ್ಪಡಿಸುವುದು ಹೇಗೆ? ನರದಲ್ಲಿ ವಿದ್ಯುತ್ ಹರಿಸಿ ಅದರ ವೇಗ ಅಳೆಯುವ ಯಂತ್ರಗಳು ದೊಡ್ಡ ಆಸ್ಪತ್ರೆಗಳಲ್ಲಿವೆ. ಅದಕ್ಕಿಂತ ಬಹಳ ಅಗ್ಗವಾದ, ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಇನ್ನೊಂದು ಸಾಧನವಿದೆ. ಅದು ಒಂದು ಹಾಳೆ ಕಾಗದ, ಅದರ ಮೇಲೆ ಹತ್ತು ಹದಿನೈದು ಪ್ರಶ್ನೆಗಳು. ರೋಗಿಯ ಉತ್ತರಗಳಿಗೆ ಅಂಕ ಹಾಕಿ ಕೂಡಿದರೆ ನರಹಾನಿ ಇರಬಹುದೇ ಇಲ್ಲವೇ ಎಂದು ಊಹಿಸಬಹುದು. ಇಷ್ಟು ಸರಳವಾಗಿ ಕಾಣುವ ಈ ಪ್ರಶ್ನಾವಳಿಯ ಹಿಂದೆ ದೀರ್ಘವಾದ ಚರಿತ್ರೆಯಿದೆ. ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಬೆಂಗಳೂರಿನಲ್ಲೇ ನಡೆದಿದೆ.

ದರ್ಶನ, ಸ್ಪರ್ಶನ, ಪ್ರಶ್ನ

ರೋಗಿಯನ್ನು ಪರೀಕ್ಷಿಸಲು ಮೂರು ದಾರಿಗಳಿವೆಯೆಂದು ವಾಗ್ಭಟನ ‘ಅಷ್ಟಾಂಗಹೃದಯ’ ಹೇಳುತ್ತದೆ. ನೋಡುವುದು, ಮುಟ್ಟುವುದು, ಕೇಳುವುದು. ಧನ್ವಂತರಿ ರಸ್ತೆಯ ಆಯುರ್ವೇದ ಆಸ್ಪತ್ರೆಯಲ್ಲಿ ಕಲಿತವರಿಗೆ ಇದು ಮೊದಲ ಪಾಠಗಳಲ್ಲೊಂದು. ಮೂರನೆಯದಾದ ಪ್ರಶ್ನ ಪರೀಕ್ಷೆಗೆ ನಮ್ಮ ವಿಷಯದಲ್ಲಿ ಹೆಚ್ಚಿನ ಬೆಲೆಯಿದೆ. ಬಾವು ಕಣ್ಣಿಗೆ ಕಾಣುತ್ತದೆ, ಜ್ವರ ಕೈಗೆ ತಿಳಿಯುತ್ತದೆ. ಉರಿಯಾಗಲಿ ಜೋಮಾಗಲಿ ಕಾಣುವುದೂ ಇಲ್ಲ, ಮುಟ್ಟಿದರೆ ತಿಳಿಯುವುದೂ ಇಲ್ಲ. ಅನುಭವಿಸುವವರು ಹೇಳಿದರೆ ಮಾತ್ರ ಗೊತ್ತಾಗುತ್ತದೆ.

ಹಳೆಯ ವೈದ್ಯಗ್ರಂಥಗಳು ಈ ಮಾತುಗಳನ್ನು ಎಚ್ಚರದಿಂದ ವಿಂಗಡಿಸಿದ್ದವು. ಅಂಗಾಲಿನ ಉರಿ ‘ಪಾದದಾಹ’. ಜುಮ್ಮೆನ್ನುತ್ತ ಮರಗಟ್ಟುವುದು ‘ಪಾದಹರ್ಷ’. ಇವೆರಡೂ ಸುಶ್ರುತ ಸಂಹಿತೆಯಲ್ಲಿ ಬೇರೆ ಬೇರೆ ತೊಂದರೆಗಳಾಗಿ ಬರುತ್ತವೆ. ಪ್ರಮೇಹ ಬರುವ ಮುನ್ನ ಕೈಕಾಲುಗಳಲ್ಲಿ ಉರಿ ಮತ್ತು ಸುಪ್ತತೆ, ಅಂದರೆ ಅಂಗ ನಿದ್ದೆ ಹೋದಂಥ ಸ್ಥಿತಿ, ಕಾಣಿಸಿಕೊಳ್ಳುತ್ತದೆಂದು ಚರಕ ಸಂಹಿತೆ ಪಟ್ಟಿಮಾಡುತ್ತದೆ. ಅಂದಿನವರಿಗೆ ನರತಂತುವಿನ ಕಲ್ಪನೆಯಿರಲಿಲ್ಲ. ಆದರೆ ಸಿಹಿಮೂತ್ರದ ಕಾಯಿಲೆಗೂ ಪಾದದ ಉರಿಗೂ ನಂಟಿದೆಯೆಂದು ರೋಗಿಗಳ ಮಾತಿನಿಂದಲೇ ಅವರು ಗುರುತಿಸಿದ್ದರು.

ಕೇಳುವುದು ಒಂದು, ಕೇಳಿದ್ದನ್ನು ಎಲ್ಲರಿಗೂ ಒಂದೇ ರೀತಿಯಲ್ಲಿ ಕೇಳಿ ಲೆಕ್ಕ ಇಡುವುದು ಇನ್ನೊಂದು. ಎರಡನೆಯದು ಬಹಳ ಈಚಿನದು.

ಯುದ್ಧಭೂಮಿಯಿಂದ ಕಾಗದಕ್ಕೆ

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಫಿಲಡೆಲ್ಫಿಯಾ ನಗರದ ಒಂದು ಆಸ್ಪತ್ರೆ ಗುಂಡೇಟಿನಿಂದ ನರಗಳಿಗೆ ಪೆಟ್ಟಾದ ಸೈನಿಕರಿಗೆ ಮೀಸಲಾಗಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ಸೈಲಸ್ ವಿಯರ್ ಮಿಚೆಲ್ ತನ್ನ ಇಬ್ಬರು ಸಹೋದ್ಯೋಗಿಗಳೊಡನೆ 1864ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. 1872ರಲ್ಲಿ ಇನ್ನೂ ದೊಡ್ಡ ಪುಸ್ತಕ ಬಂತು. ಗಾಯ ವಾಸಿಯಾದ ಮೇಲೂ ಕೈಕಾಲಿನಲ್ಲಿ ಉಳಿಯುವ ಬೆಂಕಿಯಂಥ ಉರಿಯನ್ನು ವರ್ಣಿಸಿ, ಅದಕ್ಕೊಂದು ಹೆಸರು ಕೊಟ್ಟವನು ಈತ. ಒಣ ವಸ್ತು ತಗುಲಿದರೆ ತಾಳಲಾರದೆ ಬೂಟಿನೊಳಗೆ ನೀರು ಸುರಿದುಕೊಳ್ಳುತ್ತಿದ್ದ ಸೈನಿಕರ ಸಂಗತಿ ಅವನ ಬರಹದಿಂದಲೇ ನಮಗೆ ತಿಳಿದಿದೆ.

ಮುಂದೆ 1890ರ ದಶಕದಲ್ಲಿ, ಅಂದು ಗಾಯಗೊಂಡಿದ್ದವರಲ್ಲಿ ಬದುಕಿ ಉಳಿದವರಿಗೆ ಪ್ರಶ್ನೆಗಳಿದ್ದ ಪತ್ರಗಳು ಹೋದವು. ಈಗ ನೋವಿದೆಯೇ, ಎಲ್ಲಿದೆ, ಹೇಗಿದೆ ಎಂಬಂಥ ಪ್ರಶ್ನೆಗಳು. ಮಿಚೆಲ್‌ನ ಮಗ ಜಾನ್ ಮಿಚೆಲ್ 1895ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮೂವತ್ತು ವರ್ಷಗಳ ನಂತರ ಆ ನರಗಳ ಕಥೆ ಏನಾಯಿತೆಂಬ ವಿವರವಿದೆ. ದೀರ್ಘಕಾಲದ ನರಹಾನಿಯ ಬಗ್ಗೆ ರೋಗಿಗಳನ್ನೇ ಬರಹದಲ್ಲಿ ವಿಚಾರಿಸಿದ ಮೊದಮೊದಲ ಯತ್ನಗಳಲ್ಲಿ ಇದೊಂದು.

ನೋವಿನ ಮಾತನ್ನು ಅಳತೆಗೆ ಒಳಪಡಿಸಿದ ಕೀರ್ತಿ ಕೆನಡಾದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಜಾಕ್‌ಗೆ ಸಲ್ಲಬೇಕು. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡಿದ್ದ ಒಬ್ಬ ವೃದ್ಧೆ, ಇಲ್ಲದ ಪಾದದಲ್ಲಿ ಕಾಯಿಸಿದ ಕಬ್ಬಿಣ ತಿವಿದಂಥ ನೋವಿದೆಯೆಂದು ವರ್ಣಿಸುತ್ತಿದ್ದುದನ್ನು ಕೇಳಿ ಅವರು ರೋಗಿಗಳು ಬಳಸುವ ನೋವಿನ ಪದಗಳನ್ನು ಬರೆದಿಟ್ಟುಕೊಳ್ಳತೊಡಗಿದರು. 1971ರಲ್ಲಿ ಟಾರ್ಗರ್ಸನ್ ಎಂಬ ಸಹೋದ್ಯೋಗಿಯೊಡನೆ ಆ ಪದಗಳನ್ನು ವರ್ಗೀಕರಿಸಿದರು. 1975ರಲ್ಲಿ 78 ಪದಗಳನ್ನು 20 ಗುಂಪುಗಳಲ್ಲಿ ಜೋಡಿಸಿದ ಮೆಕ್‌ಗಿಲ್ ಪ್ರಶ್ನಾವಳಿ ಹೊರಬಂತು. ‘ನೋವು ಎಷ್ಟಿದೆ’ ಎಂಬುದರ ಜೊತೆಗೆ ‘ನೋವು ಯಾವ ಬಗೆಯದು’ ಎಂಬುದೂ ಅಲ್ಲಿಂದ ಅಂಕಕ್ಕೆ ಸಿಕ್ಕಿತು. ಏಟು ಬಿದ್ದ ಮಂಡಿಯ ನೋವನ್ನು ಹೇಳುವ ಪದಗಳೇ ಬೇರೆ, ಕೆಟ್ಟ ನರದ ನೋವನ್ನು ಹೇಳುವ ಪದಗಳೇ ಬೇರೆ ಎಂಬ ತಿಳಿವಳಿಕೆ ಮುಂದಿನ ಎಲ್ಲ ಪ್ರಶ್ನಾವಳಿಗಳಿಗೂ ತಳಹದಿಯಾಯಿತು.

ಅಂಕದ ಲೆಕ್ಕ

ಈಗ ಹೆಚ್ಚು ಬಳಕೆಯಲ್ಲಿರುವ ಮೂರು ಪ್ರಶ್ನಾವಳಿಗಳನ್ನು ನೋಡೋಣ.

ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದ ಈವಾ ಫೆಲ್ಡ್‌ಮನ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯವರಿಗಾಗಿ 1994ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ ಹೌದು-ಇಲ್ಲ ಎಂದು ಉತ್ತರಿಸಬೇಕಾದ 15 ಪ್ರಶ್ನೆಗಳಿವೆ. ಕಾಲು ಮರಗಟ್ಟುತ್ತದೆಯೇ, ಉರಿಯುತ್ತದೆಯೇ, ಹೊದಿಕೆ ತಗುಲಿದರೂ ನೋಯುತ್ತದೆಯೇ, ರಾತ್ರಿ ಹೆಚ್ಚಾಗುತ್ತದೆಯೇ, ಪಾದದಲ್ಲಿ ಹುಣ್ಣಾಗಿತ್ತೇ, ಹೀಗೆ ಸಾಗುತ್ತದೆ. ಇವುಗಳಲ್ಲಿ ಎರಡು ಪ್ರಶ್ನೆಗಳಿಗೆ ‘ಇಲ್ಲ’ ಎಂದರೆ ಅಂಕ ಸಿಗುತ್ತದೆ. ಸ್ನಾನದ ನೀರು ಬಿಸಿಯೋ ತಣ್ಣಗೋ ತಿಳಿಯುತ್ತದೆಯೇ ಎಂಬುದೊಂದು, ನಡೆಯುವಾಗ ಪಾದ ಇದೆಯೆಂಬ ಅರಿವಾಗುತ್ತದೆಯೇ ಎಂಬುದಿನ್ನೊಂದು. ಸ್ನಾಯು ಸೆಳೆತ ಮತ್ತು ಮೈಯೆಲ್ಲ ನಿಶ್ಶಕ್ತಿ, ಈ ಎರಡನ್ನು ಕೇಳುತ್ತಾರೆ, ಆದರೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೆಳೆತ ರಕ್ತಸಂಚಾರದ ತೊಂದರೆಯಿಂದಲೂ ಬರಬಹುದು, ನಿಶ್ಶಕ್ತಿಗೆ ನೂರು ಕಾರಣಗಳು. ಮೊದಲು 7 ಅಂಕ ಬಂದರೆ ನರಹಾನಿ ಎಂದು ಗೆರೆ ಎಳೆದಿದ್ದರು. ಅಷ್ಟು ಮೇಲೆ ಗೆರೆ ಎಳೆದರೆ ಕಾಯಿಲೆ ಇರುವ ಅನೇಕರು ಕೆಳಗೇ ಉಳಿದುಬಿಡುತ್ತಾರೆಂದು ಕಂಡುಬಂದು, 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು 4 ಅಂಕವೇ ಸೂಕ್ತವೆಂದು ತೋರಿಸಿತು. ರೋಗಿಯ ಕಾಲು ಬದಲಾಗಲಿಲ್ಲ, ಗೆರೆ ಬದಲಾಯಿತು.

ಎರಡನೆಯದು ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಮೈಕೆಲ್ ಬೆನೆಟ್ 2001ರಲ್ಲಿ ರೂಪಿಸಿದ ‘ಲ್ಯಾನ್ಸ್’. ಇದರಲ್ಲಿ ಐದು ಪ್ರಶ್ನೆ, ಎರಡು ಪರೀಕ್ಷೆ, ಒಟ್ಟು 24 ಅಂಕ. 12 ಬಂದರೆ ನೋವಿಗೆ ನರವೇ ಮೂಲವಿರಬಹುದು ಎಂದು ತೀರ್ಮಾನ.

ಮೂರನೆಯದು ಫ್ರಾನ್ಸಿನ ಬುಹಾಸಿರಾ ಮತ್ತು ಸಂಗಡಿಗರು 2005ರಲ್ಲಿ ಹೊರತಂದ ‘ಡಿಎನ್4’. ಏಳು ಪ್ರಶ್ನೆ, ಮೂರು ಪರೀಕ್ಷೆ, ತಲಾ ಒಂದು ಅಂಕ. ಉರಿ, ನೋವಾಗುವಂಥ ತಣ್ಣಗಿನ ಅನುಭವ, ಶಾಕ್ ಹೊಡೆದಂತೆ ಆಗುವುದು, ಜುಮುಗುಟ್ಟುವುದು, ಸೂಜಿ ಚುಚ್ಚಿದಂತೆ ಆಗುವುದು, ಮರಗಟ್ಟುವುದು, ನವೆ, ಇವು ಏಳು. ಹತ್ತಕ್ಕೆ 4 ಬಂದರೆ ನರದ ನೋವು. 160 ರೋಗಿಗಳಲ್ಲಿ ತಜ್ಞರ ತೀರ್ಮಾನದೊಡನೆ ತಾಳೆ ನೋಡಿದಾಗ, ನರದ ನೋವಿರುವ ನೂರು ಮಂದಿಯಲ್ಲಿ ಸುಮಾರು 83 ಮಂದಿಯನ್ನು ಇದು ಹಿಡಿಯಿತು. ನರದ್ದಲ್ಲದ ನೋವಿನ ನೂರು ಮಂದಿಯಲ್ಲಿ ಸುಮಾರು 90 ಮಂದಿಯನ್ನು ಸರಿಯಾಗಿ ಹೊರಗಿಟ್ಟಿತು. ನಾಲ್ಕು ನಿಮಿಷದ ಕೆಲಸಕ್ಕೆ ಇದು ಕಡಿಮೆ ಫಲವಲ್ಲ.

ಯಂತ್ರವಿರುವಾಗ ಪ್ರಶ್ನೆ ಏಕೆ ಎಂದು ಕೇಳಬಹುದು. ಉತ್ತರ ಬರಿಯ ಖರ್ಚಿನದಲ್ಲ. ನರಗಳಲ್ಲಿ ದಪ್ಪ ತಂತುಗಳೂ ತೆಳು ತಂತುಗಳೂ ಇವೆ. ಸ್ಪರ್ಶ, ಕಂಪನಗಳ ಸುದ್ದಿ ದಪ್ಪ ತಂತುಗಳಲ್ಲಿ ಸಾಗಿದರೆ, ನೋವು ಮತ್ತು ಬಿಸಿಯ ಸುದ್ದಿ ತೆಳು ತಂತುಗಳಲ್ಲಿ ಸಾಗುತ್ತದೆ. ವಿದ್ಯುತ್ ವೇಗ ಅಳೆಯುವ ಸಾಮಾನ್ಯ ಯಂತ್ರ ದಪ್ಪ ತಂತುಗಳನ್ನಷ್ಟೇ ಅಳೆಯುತ್ತದೆ. ತೆಳು ತಂತುಗಳು ಮಾತ್ರ ಕೆಟ್ಟಿದ್ದರೆ ರೋಗಿ ರಾತ್ರಿಯೆಲ್ಲ ಉರಿಯಿಂದ ಎದ್ದು ಕೂರುತ್ತಿದ್ದರೂ ಯಂತ್ರದ ವರದಿ ‘ನಾರ್ಮಲ್’ ಎಂದೇ ಬರುತ್ತದೆ. ಅಂಥವರ ಮಟ್ಟಿಗೆ ರೋಗದ ಸುಳಿವು ಸಿಗುವುದು ಅವರ ಬಾಯಿಂದಲೇ.

ಬೆಂಗಳೂರಿನ ಮನೆ ಬಾಗಿಲಲ್ಲಿ

ಆಸ್ಪತ್ರೆಗೆ ಬಂದವರನ್ನು ಕೇಳುವುದು ಸುಲಭ. ಬಾರದೆ ಮನೆಯಲ್ಲೇ ಉಳಿದವರ ಗತಿ ಏನು? ಈ ಪ್ರಶ್ನೆಗೆ ಉತ್ತರ ಹುಡುಕಿದ ಊರುಗಳಲ್ಲಿ ಬೆಂಗಳೂರಿಗೆ ಗೌರವದ ಸ್ಥಾನವಿದೆ.

ಪೇಟೆಯ ಜನಕ್ಕೆ ಪಾಶ್ಚಾತ್ಯ ವೈದ್ಯ ಹೊಸದಲ್ಲ. ಮಿಂಟೋ ಕಣ್ಣಾಸ್ಪತ್ರೆ 1896ರಲ್ಲಿ ಚಿಕ್ಕಪೇಟೆಯಲ್ಲೇ ಶುರುವಾಗಿ ಮುಂದೆ ಈಗಿನ ಕಟ್ಟಡಕ್ಕೆ ಹೋಯಿತು. ಕೆ.ಆರ್. ಮಾರುಕಟ್ಟೆಯ ಆಚೆ ವಿಕ್ಟೋರಿಯಾ ಆಸ್ಪತ್ರೆಯನ್ನು 1900ರಲ್ಲಿ ವೈಸರಾಯ್ ಕರ್ಜನ್ ಉದ್ಘಾಟಿಸಿದ. ನರಗಳ ಕಾಯಿಲೆಗೆ ಇಡೀ ದಕ್ಷಿಣ ಭಾರತ ಹುಡುಕಿಕೊಂಡು ಬರುವ ನಿಮ್ಹಾನ್ಸ್ ಮಾತ್ರ ಹೊಸೂರು ರಸ್ತೆಯಲ್ಲಿ ಬೆಳೆಯಿತು. 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಎಂದು ಹೆಸರು ಬದಲಾದ ಹಳೆಯ ಹುಚ್ಚಾಸ್ಪತ್ರೆಯೂ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ 1974ರಲ್ಲಿ ಈ ಸಂಸ್ಥೆ ಹುಟ್ಟಿತು.

1980ರ ದಶಕದಲ್ಲಿ ನಿಮ್ಹಾನ್ಸ್‌ನ ನರರೋಗ ತಜ್ಞೆ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರಿನ ಸೀಮೆಯಲ್ಲಿ 57 ಸಾವಿರಕ್ಕೂ ಹೆಚ್ಚು ಜನರ ನಡುವೆ ನರರೋಗಗಳ ಸಮೀಕ್ಷೆ ನಡೆಸಿದರು. ಅದೇ ಕಾಲಕ್ಕೆ ಇಂಥ ಕೆಲಸ ಬೇರೆಡೆಯೂ ನಡೆಯುತ್ತಿತ್ತು. ಬಡ ದೇಶಗಳಲ್ಲಿ ನರರೋಗಗಳ ಎಣಿಕೆ ಹೇಗೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಒಂದು ಮಾದರಿ ಸಿದ್ಧಪಡಿಸಿತ್ತು. 1985ರಲ್ಲಿ ಮುಂಬಯಿಯ ಪಾರ್ಸಿ ವಸತಿಗಳಲ್ಲಿ 14,010 ಮಂದಿಯ ಸಮೀಕ್ಷೆ ನಡೆಯಿತು. ಮುಂದೆ ನಿಮ್ಹಾನ್ಸ್‌ನ ಗೌರಿದೇವಿ, ಗುರುರಾಜ್, ಸತೀಶ್‌ಚಂದ್ರ, ಸುಬ್ಬಕೃಷ್ಣ ಇವರ ತಂಡ ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಕೈಗೊಂಡ ಸಮೀಕ್ಷೆ ಇವೆಲ್ಲಕ್ಕಿಂತ ದೊಡ್ಡದು. 2004ರಲ್ಲಿ ಪ್ರಕಟವಾದ ಅದರ ವರದಿಯ ಪ್ರಕಾರ ವಿಚಾರಿಸಿದ ಜನ ಒಟ್ಟು 1,02,557. ನಗರದವರು ಹಳ್ಳಿಯವರು ಹೆಚ್ಚುಕಡಿಮೆ ಅರ್ಧರ್ಧ.

ಕ್ರಮ ಹೀಗೆ. ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಪ್ರಶ್ನಾವಳಿ ಹಿಡಿದು ಕೇಳುತ್ತಾರೆ. ಅನುಮಾನ ಬಂದವರನ್ನು ನರರೋಗ ತಜ್ಞರು ಪರೀಕ್ಷಿಸುತ್ತಾರೆ. ಲಕ್ಷ ಜನರನ್ನು ತಜ್ಞರೇ ಪರೀಕ್ಷಿಸುವುದು ಆಗದ ಮಾತು. ಪ್ರಶ್ನಾವಳಿ ಇಲ್ಲಿ ಜರಡಿಯ ಕೆಲಸ ಮಾಡುತ್ತದೆ. ಜರಡಿ ಹಿಡಿದ ಮೇಲೆ ತಿಳಿದದ್ದೇನು? ವಯಸ್ಸಿನ ವ್ಯತ್ಯಾಸ ಸರಿದೂಗಿಸಿದಾಗ ಲಕ್ಷಕ್ಕೆ 3,355 ಮಂದಿಗೆ ಒಂದಿಲ್ಲೊಂದು ನರರೋಗವಿತ್ತು. ನಗರದಲ್ಲಿ ಲಕ್ಷಕ್ಕೆ 2,190 ಇದ್ದರೆ ಹಳ್ಳಿಯಲ್ಲಿ 4,070. ನರರೋಗ ಪಟ್ಟಣದವರ ಕಾಯಿಲೆಯೆಂಬ ನಂಬಿಕೆಯನ್ನು ಈ ಒಂದು ಹಾಳೆ ಕಾಗದ ಸುಳ್ಳು ಮಾಡಿತು.

ಪಟ್ಟಿಯ ಮೇಲ್ತುದಿಯಲ್ಲಿದ್ದುದು ತಲೆನೋವು ಮತ್ತು ಮೂರ್ಛೆರೋಗ. ಇದು ಯೋಚಿಸಬೇಕಾದ ವಿಷಯ. ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ, ಲಕ್ವ ಹೊಡೆದರೆ ಎಲ್ಲರಿಗೂ ತಿಳಿಯುತ್ತದೆ. ಬಾಗಿಲಿಗೆ ಬಂದವರಿಗೆ ಮನೆಯೊಡತಿಯೇ ಎಲ್ಲರ ಪರವಾಗಿ ಹೇಳಬಲ್ಲಳು. ಆದರೆ ಮಾವನವರ ಕಾಲು ಮರಗಟ್ಟಿರುವುದು ಸೊಸೆಗೆ ಹೇಗೆ ಗೊತ್ತಾಗಬೇಕು? ಅವರು ಅದನ್ನು ಯಾರಿಗೂ ಹೇಳಿರಲಿಕ್ಕಿಲ್ಲ. ಆದ್ದರಿಂದ ನರಹಾನಿಯ ಪ್ರಶ್ನೆಯನ್ನು ಅನುಭವಿಸುವವರಿಗೇ, ಅವರದೇ ಮಾತಿನಲ್ಲಿ ಕೇಳಬೇಕಾಗುತ್ತದೆ. ಇಲ್ಲಿಗೆ ನಾವು ಭಾಷೆಯ ಸಮಸ್ಯೆಗೆ ಬಂದೆವು.

ಒಂದು ಪದ, ಮೂರು ಅಂಕ

ಡಿಎನ್4 ಪ್ರಶ್ನಾವಳಿಯಲ್ಲಿ ಜುಮುಗುಟ್ಟುವುದು, ಸೂಜಿ ಚುಚ್ಚಿದಂತೆ ಆಗುವುದು, ಮರಗಟ್ಟುವುದು ಇವು ಮೂರು ಬೇರೆ ಪ್ರಶ್ನೆಗಳು, ಮೂರು ಅಂಕಗಳು. ಕನ್ನಡಿಗರು ಈ ಮೂರಕ್ಕೂ ‘ಜೋಮು’ ಎಂದೇ ಹೇಳಿ ಮುಗಿಸಬಹುದು. ಅಂಗಾಲು ಉರಿ ಮತ್ತು ಜೋಮು ಎರಡೂ ಇರುವ ಒಬ್ಬರನ್ನು ತೆಗೆದುಕೊಳ್ಳಿ. ಬಿಡಿಸಿ ಬಿಡಿಸಿ ಕೇಳಿದರೆ ಉರಿಗೆ ಒಂದು, ಜೋಮಿನೊಳಗಿನ ಮೂರು ಅನುಭವಗಳಿಗೆ ಮೂರು, ಒಟ್ಟು 4 ಅಂಕ. ಗೆರೆ ದಾಟಿದರು, ಮುಂದಿನ ಪರೀಕ್ಷೆಗೆ ಹೋದರು. ಅವಸರದಲ್ಲಿ ‘ಜೋಮು ಇದೆಯೇ’ ಎಂದು ಒಂದೇ ಸಲ ಕೇಳಿ ಗುರುತು ಹಾಕಿದರೆ ಪ್ರಶ್ನೆಗಳಿಂದ ಬಂದದ್ದು 2 ಅಂಕ. ಅದೇ ಕಾಲು, ಅದೇ ನರ. ಒಬ್ಬರಿಗೆ ಚಿಕಿತ್ಸೆ, ಇನ್ನೊಬ್ಬರಿಗೆ ‘ಏನಿಲ್ಲ, ಮನೆಗೆ ಹೋಗಿ’.

‘ನರ’ ಎಂಬ ಪದವೇ ತೊಡಕಿನದು. ಕನ್ನಡದ ಆಡುಮಾತಿನಲ್ಲಿ ರಕ್ತನಾಳವೂ ನರ (‘ಕೈಯ ನರ ಉಬ್ಬಿದೆ’), ಸ್ನಾಯುವಿನ ಸೆಳೆತವೂ ನರ (‘ಕತ್ತಿನ ನರ ಹಿಡಿದುಕೊಂಡಿದೆ’). ವೈದ್ಯರು ‘ನರದ ತೊಂದರೆ ಇದೆಯೇ’ ಎಂದರೆ ಒಬ್ಬರು ಕಾಲಿನ ಉಬ್ಬಿದ ರಕ್ತನಾಳ ತೋರಿಸಿಯಾರು. ಇನ್ನು ‘ನರದೌರ್ಬಲ್ಯ’ ಎಂಬ ಪದಕ್ಕೆ ಗೋಡೆಯ ಮೇಲಿನ ಜಾಹೀರಾತುಗಳು ಕೊಟ್ಟಿರುವ ಅರ್ಥ ಎಲ್ಲರಿಗೂ ಗೊತ್ತು. ಆ ಪದ ಬಳಸಿ ಕೇಳಿದರೆ ಗಂಡಸರು ಮುಜುಗರದಿಂದ ಇಲ್ಲವೆನ್ನುತ್ತಾರೆ, ಹೆಂಗಸರು ಮುಖ ತಿರುಗಿಸುತ್ತಾರೆ.

‘ಉರಿ’ಯದು ಇದಕ್ಕೆ ವಿರುದ್ಧವಾದ ಕಷ್ಟ. ಬಿಸಿಲಿನಲ್ಲಿ ನಡೆದರೂ ಅಂಗಾಲು ಉರಿ, ಪಿತ್ತ ಹೆಚ್ಚಿದರೂ ಉರಿ, ಅದಕ್ಕೆ ರಾತ್ರಿ ಹರಳೆಣ್ಣೆ ತಿಕ್ಕಿ ಮಲಗುವುದು ಮನೆಮದ್ದು. ಇಲ್ಲಿ ನರ ಸರಿಯಿರುವವರೂ ಹೌದೆಂದುಬಿಡಬಹುದು. ‘ಶಾಕ್ ಹೊಡೆದಂತೆ’ ಎಂಬುದು ಮಾತ್ರ ಯಾರಿಗೂ ವಿವರಿಸಬೇಕಿಲ್ಲ. 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬರುವ ಮೊದಲು ಪೇಟೆಯ ಜನ ಆ ಅನುಭವವನ್ನು ಬೇರೆ ಏನೋ ಹೋಲಿಕೆ ಕೊಟ್ಟು ಹೇಳಿರಬೇಕು. ಈಗ ಹಮಾಲರಿಂದ ಸಾಹುಕಾರರವರೆಗೆ ಎಲ್ಲರೂ ‘ಕರೆಂಟ್ ಹೊಡೆದ ಹಾಗೆ’ ಎನ್ನುತ್ತಾರೆ. ನೋವಿನ ಹೋಲಿಕೆಗಳು ಜನ ಬಳಸುವ ವಸ್ತುಗಳಿಂದ ಬರುತ್ತವೆ. ಸೂಜಿ, ಇರುವೆ, ಮೆಣಸಿನಕಾಯಿ, ಹತ್ತಿ, ಕರೆಂಟು. ‘ಹತ್ತಿಯ ಮೇಲೆ ನಡೆದ ಹಾಗಾಗುತ್ತೆ’ ಎಂದು ರೋಗಿ ತಾನಾಗಿಯೇ ಹೇಳಿದರೆ, ಅನುಭವಿ ವೈದ್ಯರು ಪ್ರಶ್ನಾವಳಿ ಕೆಳಗಿಟ್ಟು ಕಾಲು ನೋಡಲು ಬಗ್ಗುತ್ತಾರೆ.

ಪದಗಳನ್ನು ಬಿಟ್ಟು ಬದುಕಿನ ರೀತಿಗೆ ಬಂದರೂ ಇಂಥದೇ ಸಂಗತಿಗಳು. ಮಿಚಿಗನ್ ಪ್ರಶ್ನಾವಳಿ ಪಾದದ ಚರ್ಮ ಒಣಗಿ ಒಡೆಯುತ್ತದೆಯೇ ಎಂದು ಕೇಳುತ್ತದೆ. ಬೂಟು ಕಾಲುಚೀಲ ಹಾಕುವ ಊರಿನಲ್ಲಿ ಅದು ಸುಳಿವು. ಬರಿಗಾಲಿನಲ್ಲಿ ನಡೆಯುವ, ಹವಾಯಿ ಚಪ್ಪಲಿ ಮೆಟ್ಟುವ ನಮ್ಮಲ್ಲಿ ಹಿಮ್ಮಡಿ ಒಡೆಯದವರು ಯಾರು? ಲ್ಯಾನ್ಸ್ ಪ್ರಶ್ನಾವಳಿ ನೋವಿರುವ ಕಡೆ ಚರ್ಮ ಕೆಂಪಗೆ ಅಥವಾ ಗುಲಾಬಿಯಾಗಿ ಕಾಣುತ್ತದೆಯೇ ಎಂದು ಕೇಳಿ, ಅದೊಂದಕ್ಕೇ 5 ಅಂಕ ಇಟ್ಟಿದೆ. ಬಿಳಿಯರ ಚರ್ಮದ ಮೇಲೆ ಕಾಣುವ ಕೆಂಪು ನಮ್ಮ ಕಪ್ಪು ಚರ್ಮದ ಮೇಲೆ ಸುಲಭವಾಗಿ ಕಾಣದು. 12ರ ಗೆರೆ ಮುಟ್ಟಬೇಕಾದವರಿಗೆ 5 ಅಂಕ ಮೊದಲೇ ಕೈಬಿಟ್ಟುಹೋದರೆ ಉಳಿದದ್ದರಲ್ಲಿ ಗೆಲ್ಲುವುದು ಕಷ್ಟ.

ಹೌದು-ಇಲ್ಲಗಳ ಗೊಂದಲವೂ ಇದೆ. ‘ನೀರು ಬಿಸಿಯಾಗಿದ್ದರೆ ಕಾಲಿಗೆ ಗೊತ್ತಾಗೋದಿಲ್ವೇನಮ್ಮ?’ ಎಂದರೆ ಅಜ್ಜಿ ‘ಹೌದಪ್ಪ’ ಎನ್ನುತ್ತಾರೆ. ಹೌದು, ಗೊತ್ತಾಗುವುದಿಲ್ಲ ಎಂದು ಅದರ ಅರ್ಥ. ಇಂಗ್ಲಿಷಿನಲ್ಲಿ ಅಲ್ಲಿ ‘ನೋ’ ಎನ್ನಬೇಕು. ಕೇಳುವವರು ಇದನ್ನು ಅರಿಯದೆ ‘ಹೌದು’ ಕಾಲಂನಲ್ಲಿ ಗುರುತು ಹಾಕಿದರೆ ಅಂಕ ಉಲ್ಟಾ ಆಗುತ್ತದೆ. ಡಾಕ್ಟರ ಮುಂದೆ ಸಂಕೋಚದಿಂದ ಎಲ್ಲಕ್ಕೂ ‘ಹೂಂ’ ಎನ್ನುವವರು ಉಂಟು. ‘ಅದೆಲ್ಲಾ ಮಾಮೂಲು ಸಾರ್, ವಯಸ್ಸಾಯ್ತಲ್ಲ’ ಎಂದು ಎಲ್ಲವನ್ನೂ ತಳ್ಳಿಹಾಕುವವರು ಇನ್ನೂ ಹೆಚ್ಚು. ಪೇಟೆಯ ಒಂದೇ ಗಲ್ಲಿಯಲ್ಲಿ ಕನ್ನಡದ ಜೋಮು, ತೆಲುಗಿನ ತಿಮ್ಮಿರಿ, ದಖನಿಯ ಸುನ್ನ್, ಮಾರವಾಡಿಗಳ ಹಿಂದಿಯ ಝುನ್‌ಝುನಿ ಎಲ್ಲ ಕೇಳಿಬರುವಾಗ ಕಾಗದ ಹಿಡಿದು ಬಂದವರ ಕಷ್ಟ ಊಹಿಸಬಹುದು.

ಈ ಕಾರಣದಿಂದಲೇ ಪ್ರಶ್ನಾವಳಿಗಳನ್ನು ಇನ್ನೊಂದು ಭಾಷೆಗೆ ತರುವುದಕ್ಕೆ ಕಟ್ಟುನಿಟ್ಟಾದ ಕ್ರಮವಿದೆ. ಇಬ್ಬರು ಬೇರೆ ಬೇರೆಯಾಗಿ ಅನುವಾದಿಸುತ್ತಾರೆ. ಮೂಲವನ್ನು ನೋಡಿರದ ಮತ್ತೊಬ್ಬರು ಅದನ್ನು ತಿರುಗಿ ಇಂಗ್ಲಿಷಿಗೆ ತರುತ್ತಾರೆ. ಎರಡನ್ನೂ ತಾಳೆ ನೋಡಿ, ಕೆಲವು ರೋಗಿಗಳಿಗೆ ಓದಿ ಹೇಳಿ, ‘ಇದರಿಂದ ನಿಮಗೆ ಏನು ತಿಳಿಯಿತು’ ಎಂದು ಕೇಳಿ ತಿದ್ದುತ್ತಾರೆ. ಕೊನೆಗೆ ತಜ್ಞರ ಪರೀಕ್ಷೆಯೊಡನೆ ಹೋಲಿಸಿ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ಹೊಸದಾಗಿ ನಿರ್ಧರಿಸುತ್ತಾರೆ. ಪ್ಯಾರಿಸ್ಸಿನ 4 ಅಂಕ ಬೆಂಗಳೂರಿನಲ್ಲೂ 4 ಅಂಕವೇ ಎಂದು ಮೊದಲೇ ನಂಬಿ ಕೂರುವಂತಿಲ್ಲ.

ಮಾತಾಡದ ಕಾಲು

ಎಷ್ಟೇ ಚೆನ್ನಾಗಿ ಅನುವಾದಿಸಿದರೂ ಪ್ರಶ್ನಾವಳಿಗೆ ಒಂದು ಮಿತಿ ಉಳಿದೇ ಉಳಿಯುತ್ತದೆ. ಉರಿ ಕೂಗಿ ಹೇಳುತ್ತದೆ, ಮರಗಟ್ಟುವಿಕೆ ಹೇಳುವುದಿಲ್ಲ. ಸಕ್ಕರೆ ಕಾಯಿಲೆಯಿಂದ ನರಹಾನಿ ಆದವರಲ್ಲಿ ಅರ್ಧದಷ್ಟು ಮಂದಿಗೆ ಯಾವ ತೊಂದರೆಯೂ ಅನುಭವಕ್ಕೆ ಬಾರದಿರಬಹುದೆಂದು ಅಮೆರಿಕದ ಮಧುಮೇಹ ಸಂಘದ ಮಾರ್ಗಸೂಚಿ ಎಚ್ಚರಿಸುತ್ತದೆ. ಅವರಿಗೆ ಹದಿನೈದು ಪ್ರಶ್ನೆ ಕೇಳಿದರೆ ಸಿಗುವುದು ಸೊನ್ನೆ. ಚಪ್ಪಲಿಯ ಮೊಳೆ ಚುಚ್ಚಿದರೂ ಅವರಿಗೆ ತಿಳಿಯದು. ಗಾಯ ಕೀವಾಗಿ, ಕೊಳೆತು, ಬೆರಳು ಅಥವಾ ಪಾದ ಕತ್ತರಿಸುವ ಹಂತಕ್ಕೆ ಬಂದಾಗಲೇ ಆಸ್ಪತ್ರೆ.

ಈ ಪಾಠವನ್ನು ನಮ್ಮ ದೇಶಕ್ಕೆ ಮೊದಲು ಕಲಿಸಿದ್ದು ಕುಷ್ಠ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1940ರ ದಶಕದ ಕೊನೆಯಿಂದ ಕೆಲಸ ಮಾಡಿದ ಡಾ. ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಬೆರಳು ತಾನಾಗಿ ಉದುರುವುದಿಲ್ಲ, ನೋವು ತಿಳಿಯದ ಕಾರಣ ಆದ ಗಾಯಗಳಿಂದ ಹಾಳಾಗುತ್ತವೆಂದು ತೋರಿಸಿಕೊಟ್ಟರು. ಕುಷ್ಠ ನಿರ್ಮೂಲನದ ಗೋಡೆ ಬರಹಗಳಲ್ಲಿ ನಾವೆಲ್ಲ ಓದಿದ ‘ಸ್ಪರ್ಶಜ್ಞಾನವಿಲ್ಲದ ಮಚ್ಚೆ’ ಎಂಬ ಮಾತನ್ನು ಅತ್ಯಂತ ಚಿಕ್ಕ ಪ್ರಶ್ನಾವಳಿ ಎನ್ನಬಹುದು. ಆದರೆ ಅದು ‘ಏನನ್ನಿಸುತ್ತದೆ’ ಎಂದು ಕೇಳುವುದಿಲ್ಲ. ‘ಮುಟ್ಟಿ ನೋಡಿ, ತಿಳಿಯುತ್ತದೆಯೇ’ ಎಂದು ಕೇಳುತ್ತದೆ. ಪ್ರಶ್ನ ಮತ್ತು ಸ್ಪರ್ಶನ ಅಲ್ಲಿ ಒಟ್ಟಿಗೆ ಬಂದಿವೆ.

ಈಗಿನ ವೈದ್ಯಶಾಸ್ತ್ರದ ತೀರ್ಮಾನವೂ ಅದೇ. ಕೆನಡಾದ ಟೊರಾಂಟೊ ಪಟ್ಟಿಯಲ್ಲಿ ಒಟ್ಟು 19 ಅಂಕಗಳಲ್ಲಿ ರೋಗಿಯ ಮಾತಿಗೆ 6. ಉಳಿದ 13 ವೈದ್ಯರು ಸುತ್ತಿಗೆ ತಟ್ಟಿ, ಮುಟ್ಟಿ ನೋಡುವುದಕ್ಕೆ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ತಜ್ಞರು ಮಾಡಿರುವ ವಿಂಗಡಣೆಯಲ್ಲಿ ಬರಿಯ ಲಕ್ಷಣ ಕೇಳಿ ತಿಳಿದರೆ ಅದು ‘ಇರಬಹುದು’. ಪರೀಕ್ಷೆಯಲ್ಲಿ ಸ್ಪರ್ಶ ಕುಂದಿರುವುದು ಕಂಡರೆ ‘ಬಹುಮಟ್ಟಿಗೆ ಇದೆ’. ಯಂತ್ರವೋ ಬೇರೆ ಪ್ರಮಾಣವೋ ಸಿಕ್ಕರೆ ‘ಖಚಿತ’. ಪ್ರಶ್ನಾವಳಿ ಮೊದಲ ಮೆಟ್ಟಿಲು. ಅದನ್ನು ಕೊನೆಯ ಮೆಟ್ಟಿಲೆಂದು ತಿಳಿದರೆ ತಪ್ಪು, ಮೆಟ್ಟಿಲೇ ಬೇಡವೆಂದರೂ ತಪ್ಪು.

ಅದಕ್ಕೆ ಬೇಕಾದ ಉಳಿದ ಸಲಕರಣೆ ಬಹಳವೇನಿಲ್ಲ. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆ, ಸೆಕೆಂಡಿಗೆ 128 ಸಲ ಕಂಪಿಸುವ ಒಂದು ಶ್ರುತಿಕವಲು, ಕಾಲು ನೋಡುವ ವ್ಯವಧಾನ. ಸಸ್ಯಾಹಾರಿ ಮನೆಗಳಲ್ಲಿ, ಅದರಲ್ಲೂ ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ನುಂಗಿದವರಲ್ಲಿ, ಬಿ-12 ಕೊರತೆಯಿಂದಲೂ ಜೋಮು ಬರುತ್ತದೆ. ಬೇಗ ಗುರುತಿಸಿದರೆ ಅದು ಸುಲಭವಾಗಿ ಚಿಕಿತ್ಸೆಗೆ ಬಗ್ಗುತ್ತದೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆಯೆಂದು ಭಾರತೀಯ ವೈದ್ಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ ಅಂದಾಜು ಮಾಡಿದೆ. ಇಷ್ಟು ಜನರ ಪಾದಗಳನ್ನು ಯಂತ್ರದ ಮುಂದೆ ತರುವುದು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಆಶಾ ಕಾರ್ಯಕರ್ತೆಯರಾಗಲಿ ಬಡಾವಣೆಯ ವೈದ್ಯರಾಗಲಿ ಒಂದು ಹಾಳೆ ಹಿಡಿದು ಕೇಳುವುದು ಸಾಧ್ಯ.

ಆ ಹಾಳೆಯ ಮೇಲೆ ಏನು ಬರೆದಿರಬೇಕೆಂಬುದು ವೈದ್ಯರಿಗೆ ಮಾತ್ರ ಬಿಟ್ಟ ವಿಷಯವಲ್ಲ. ಜೋಮು, ಜುಮು, ಚುರುಚುರು, ಚುಳ್ಳೆನ್ನುವುದು, ಮರಗಟ್ಟುವುದು, ಇರುವೆ ಹರಿದಂತಾಗುವುದು, ಈ ಪದಗಳಲ್ಲಿ ಯಾವುದನ್ನು ಧಾರವಾಡದವರು ಹೇಗೆ ಹೇಳುತ್ತಾರೆ, ಮಂಗಳೂರಿನವರು ಹೇಗೆ, ಪೇಟೆಯವರು ಹೇಗೆ ಎಂದು ಕೂಡಿಸಿಡುವ ಕೆಲಸದಲ್ಲಿ ಭಾಷೆ ಬಲ್ಲವರೂ ಕೈಜೋಡಿಸಬೇಕಾಗುತ್ತದೆ. ಮೆಲ್ಜಾಕ್ ಇಂಗ್ಲಿಷಿಗೆ ಮಾಡಿದ್ದು ಇದನ್ನೇ. ಅಲ್ಲಿಯವರೆಗೆ ಮನೆಯ ಹಿರಿಯರು ‘ಕಾಲು ಯಾಕೋ ನನ್ನದಲ್ಲ ಅನ್ನಿಸುತ್ತೆ’ ಎಂದರೆ, ಅದನ್ನು ಮಾಮೂಲೆಂದು ತಳ್ಳಿಹಾಕದೆ, ದೀಪದ ಬೆಳಕಿನಲ್ಲಿ ಒಮ್ಮೆ ಅವರ ಅಂಗಾಲು ತಿರುಗಿಸಿ ನೋಡುವುದು ಒಳ್ಳೆಯದು.